ಹೆಸರಿಲ್ಲದ ಡಬ್ಬಿಗಳು

ಬ್ಲಾಂಟೈರ್
ಮಾರ್ಚ್ 4, 2013

ಪ್ರೀತಿಯ ಅಮ್ಮನಿಗೆ,

ನೀವು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ.

ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ನೀವು ಫೋನಿನಲ್ಲಿ ಮಾತಾಡುವುದು ಚಾರ್ಜು ಹಾಕಿಕೊಡುವ ಅಂಗಡಿಯ ಜಗಲಿಯಲ್ಲಿ, ಅದೂ ಊರಿಗೆಲ್ಲ ಕೇಳುವ ಹಾಗೆ ಸ್ಪೀಕರ್ ಒತ್ತಿಕೊಂಡು. ಇವತ್ತಿನ ವಿಷಯ ಜಗಲಿಯದ್ದಲ್ಲ. ಅದಕ್ಕೇ ಲಕ್ಸನ್‌ನ ಮಿನಿಬಸ್ಸಿನಲ್ಲಿ ಕಾಗದ ಕಳಿಸುತ್ತಿದ್ದೇನೆ. ಜೊತೆಗೊಂದು ಪೊಟ್ಟಣವೂ ಇದೆ. ಅದನ್ನು ಕಾಗದ ಓದಿದ ಮೇಲೆ ಬಿಚ್ಚಿ.

ಚಿಕ್ಕಮ್ಮ ಎಸ್ನಾಟಿಯ ಮಗನ ಮದುವೆಯಾದ ಮೇಲೆ ನಮ್ಮ ನಚಂಬದಲ್ಲಿ ಜ್ವರ ಹಿಡಿದು ಮಲಗಿದವರ ರಕ್ತ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೇ ಬಂತು. ಬಾಟಲಿಯ ಮೇಲೆ ಬರೆದ ಊರ ಹೆಸರನ್ನು ಎರಡೆರಡು ಸಲ ಓದಿದೆ. ಎಲ್ಲರದ್ದೂ ಟೈಫಾಯ್ಡ್. ಟೈಫಾಯ್ಡ್ ನಮಗೇನು ಹೊಸ ನೆಂಟನಲ್ಲ. ಆದರೆ ಊರ ಆಸ್ಪತ್ರೆಗಳಲ್ಲಿ ಕೊಡುವ ಮೂರು ಮಾಮೂಲಿ ಔಷಧಿಗಳಲ್ಲಿ ಒಂದಕ್ಕೂ ಈ ರೋಗಾಣು ಜಗ್ಗುತ್ತಿಲ್ಲ.

ಇದು ನಮಗೆ ಗೊತ್ತಾಗುವ ಬಗೆಯನ್ನು ನೀವೊಮ್ಮೆ ಬಂದು ನೋಡಬೇಕಮ್ಮ. ಆರಿದ ಗಂಜಿಯ ಹಾಗೆ ಹೆಪ್ಪುಗಟ್ಟಿದ ತಿಳಿಸಾರಿನ ತಟ್ಟೆಯ ಮೇಲೆ ರೋಗಾಣುವನ್ನು ಸವರಿ, ಔಷಧಿಯಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತೇವೆ. ಮರುದಿನ ನೋಡಿದರೆ, ಔಷಧಿ ಗೆದ್ದ ಕಡೆ ಬಿಲ್ಲೆಯ ಸುತ್ತ ಗುಡಿಸಿದ ಅಂಗಳದ ಹಾಗೆ ಒಂದು ದುಂಡನೆಯ ಬಯಲು. ಸೋತ ಕಡೆ ಬಯಲೇ ಇಲ್ಲ. ನಮ್ಮೂರಿನವರ ತಟ್ಟೆಗಳಲ್ಲಿ ಕಾವಲುಗಾರನ ಮೂಗಿನಡಿಯಲ್ಲೇ ಜೋಳ ಮೇಯುವ ಆಡುಗಳ ಹಾಗೆ ಮೂರು ಬಿಲ್ಲೆಗಳ ಅಂಚಿನವರೆಗೂ ಅವು ಬೆಳೆದಿದ್ದವು. ಸಿಪ್ರೊ ಎಂಬ ನಾಲ್ಕನೆಯ ಔಷಧಿಯ ಸುತ್ತ ಮಾತ್ರ ಬಯಲಿತ್ತು. ನಮ್ಮ ಪ್ರಯೋಗಾಲಯದ ಹಿರಿಯರು ಬಾಂಬೊ ಕಲುವ ಅದನ್ನು ಅಡಿಪಟ್ಟಿ ಇಟ್ಟು ಅಳೆದು, ಒಂದು ದೊಡ್ಡ ಉಸಿರು ಬಿಟ್ಟರು.

ಈ ರೋಗಾಣು ಕೆಲವರ ಹೊಟ್ಟೆಯಲ್ಲಿ, ಅವರಿಗೆ ಏನೂ ಮಾಡದೆ, ಹೋಗಲೊಲ್ಲದ ನೆಂಟನ ಹಾಗೆ ಉಳಿದುಬಿಡುತ್ತದೆ. ಅವರು ಗುಂಡುಕಲ್ಲಿನ ಹಾಗೆ ಇರುತ್ತಾರೆ, ಅವರ ಕೈಯಿಂದ ತಿಂದವರು ಮಲಗುತ್ತಾರೆ. ಮದುವೆಯಲ್ಲಿ ಜೋಳದ ನ್ಸಿಮ ಮುದ್ದೆ, ಸೊಪ್ಪು, ಕೋಳಿ ಎಲ್ಲವೂ ಬೆಂಕಿಯಿಂದ ನೇರ ತಟ್ಟೆಗೆ ಬಂದವು. ತೊಬ್ವ ಒಂದನ್ನೇ ಗಂಜಿ ಆರಿದ ಮೇಲೆ ಮೊಳಕೆ ಹಿಟ್ಟು ಹಾಕಿ ಕೈಯಲ್ಲಿ ಕಲಸಿಟ್ಟದ್ದು. ಮಲಗಿದವರೆಲ್ಲ ತೊಬ್ವ ಕುಡಿದವರು. ಕಲಸಿದವರು ನೀವು, ಫಲೆಸಿ ಅತ್ತೆ ಮತ್ತು ಚಿಕ್ಕಮ್ಮ.

ಪೊಟ್ಟಣದಲ್ಲಿ ಮುಚ್ಚಳವಿರುವ ಮೂರು ಡಬ್ಬಿಗಳಿವೆ. ಮೇಲೆ ನಿಮ್ಮ ನಿಮ್ಮ ಹೆಸರು ಬರೆದಿದ್ದೇನೆ. ಬೆಳಿಗ್ಗೆ ಹಿತ್ತಲಿಗೆ ಹೋದಾಗ ಕಡಲೆಬೀಜದಷ್ಟು ತುಂಬಿಸಿ ಅದೇ ದಿನ ಲಕ್ಸನ್ ಕೈಗೆ ಕೊಡಿ. ನಗಬೇಡಿ.

ನಿಮ್ಮ ಮಗಳು,
ತಮಂಡ


ನಚಂಬ, ಚಿರಾಜುಲು
ಮಾರ್ಚ್ 9

ಮಗಳೇ ತಮಂಡ,

ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ. ನಿನ್ನ ಕಾಗದ ಬರುವವರೆಗೆ ಇನ್ನೂ ಚೆನ್ನಾಗಿದ್ದೆ.

ಬೇರೆಯವರ ಮಕ್ಕಳು ಪಟ್ಟಣದಿಂದ ಬರೆದರೆ ಅಮ್ಮಾ ಗೆಣಸು ಕಳಿಸು, ಕುಂಬಳದೆಲೆ ಕಳಿಸು ಎನ್ನುತ್ತಾರೆ. ತಲೆಯ ಮೇಲೆ ಟೊಮೆಟೊ ಬುಟ್ಟಿ ಹೊತ್ತು ಹೊತ್ತು ನಾನು ಓದಿಸಿದ ಮಗಳು ಕೇಳಿದ್ದು ಇದನ್ನು! ಫಲೆಸಿಗೆ ಓದಿ ಹೇಳಿದೆ. ಅವಳು ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. "ಎನೆಲೆಸಿ, ನಿನ್ನ ಮಗಳು ದೊಡ್ಡ ಓದು ಓದಿದಾಳೆ ಅಂತ ಕುಣೀತಿದ್ದೆ. ಇದನ್ನ ನೋಡೋಕೆ ಕಾಲೇಜಿಗೆ ಬೇರೆ ಹೋಗ್ಬೇಕಿತ್ತಾ? ನಮ್ಮನೆ ನಾಯಿ ಓದದೇನೇ ನೋಡುತ್ತೆ" ಎಂದಳು. ನಿನ್ನ ಚಿಕ್ಕಮ್ಮ ಮಾತ್ರ ನಗಲಿಲ್ಲ. ತನ್ನ ಮಗನ ಮದುವೆಯ ಹೆಸರು ಕೆಟ್ಟಿತೆಂದು ಅವಳಿಗೆ ಅಳು.

ಅಂತೂ ಮೂರೂ ಡಬ್ಬಿ ತುಂಬಿದವು. ಲಕ್ಸನ್ ಕೈಗೆ ಕೊಟ್ಟಾಗ "ಏನಮ್ಮಾ ಇದು, ಮಗಳಿಗೆ ತಿಂಡಿನಾ?" ಎಂದು ಅಲ್ಲಾಡಿಸಿ ನೋಡಿದ. "ಕಡಲೆಬೀಜದ ಪುಡಿ ಕಣೋ, ಅಲ್ಲಾಡಿಸ್ಬೇಡ" ಎಂದೆ. "ನಂಗೊಂಚೂರು?" ಎಂದ. ಫಲೆಸಿ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ನಗು ಅಲ್ಲಿಗೆ ಮುಗಿಯಿತು. ಮನೆಗೆ ಬಂದಾಗ ಅವಳ ಮೊಮ್ಮಗಳು ತಡಲ ಚಾಪೆಯ ಮೇಲೆ ಮಲಗಿದ್ದಳು, ಮೈ ಕಾದ ಹೆಂಚು. ಅವತ್ತಿನಿಂದ ಜಿಲ್ಲಾಸ್ಪತ್ರೆಯ ಗುಳಿಗೆ ನುಂಗಿದರೂ ಇಳಿದಿಲ್ಲ. ಅವಳನ್ನು ಇವತ್ತು ನಿಮ್ಮ ದೊಡ್ಡ ಆಸ್ಪತ್ರೆಗೆ ಕರೆತರುತ್ತಿದ್ದಾರೆ. ಅಲ್ಲಿ ನಿನ್ನ ಮಾತು ಏನಾದರೂ ನಡೆಯುವುದಾದರೆ ಹೋಗಿ ನೋಡು.

ನನ್ನ ಬಗ್ಗೆ ಚಿಂತೆ ಮಾಡಬೇಡ. ನನ್ನ ಹೊಟ್ಟೆ ಕಲ್ಲು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಒಂದು ಜ್ವರ ಬಂದಿತ್ತು, ಅಷ್ಟೇ. ಅಂಗಡಿಯ ಗುಳಿಗೆ ನುಂಗಿ ಎದ್ದು, ಯಾರದೋ ಮಣ್ಣಿಗೆ ನ್ಸಿಮ ತಿರುವಲು ಹೋಗಿದ್ದೆ. ನಚಂಬದಲ್ಲಿ ನಾನಿಲ್ಲದೆ ಯಾವ ಸಾವಿನ ಮನೆಯ ಒಲೆಯೂ ಹೊತ್ತಿಲ್ಲ ಎಂದು ನಿನಗೆ ಗೊತ್ತಲ್ಲ.

ನಿನ್ನ ಅಮ್ಮ,
ಎನೆಲೆಸಿ


ಬ್ಲಾಂಟೈರ್
ಮಾರ್ಚ್ 14

ಪ್ರೀತಿಯ ಅಮ್ಮ,

ಮೊದಲು ಒಳ್ಳೆಯ ಸುದ್ದಿ. ತಡಲ ಎದ್ದು ಕೂತಿದ್ದಾಳೆ. ಅವಳ ರಕ್ತದಲ್ಲಿ ಬೆಳೆದದ್ದೂ ಅದೇ ರೋಗಾಣು. ಅದಕ್ಕೆ ಯಾವ ಔಷಧಿ ನಾಟುತ್ತದೆಂದು ನಮಗೆ ಆಗಲೇ ಗೊತ್ತಿದ್ದರಿಂದ ಬಾಂಬೊ ಕಲುವ ತಾವೇ ಮೆಟ್ಟಿಲು ಹತ್ತಿ ವಾರ್ಡಿಗೆ ಹೋಗಿ ಡಾಕ್ಟರಿಗೆ ಹೇಳಿಬಂದರು. ನಿನ್ನೆ ಅವಳು ಗಂಜಿ ಕುಡಿದು, ಮೀನು ಯಾಕಿಲ್ಲ ಎಂದು ನರ್ಸಿಗೆ ಗದರಿದಳಂತೆ. ಫಲೆಸಿ ಅತ್ತೆಗೆ ಹೇಳಿ.

ಈಗ ಡಬ್ಬಿಗಳ ವಿಷಯ. ಫಲೆಸಿ ಅತ್ತೆಯ ತಟ್ಟೆಯಲ್ಲೂ ಚಿಕ್ಕಮ್ಮನ ತಟ್ಟೆಯಲ್ಲೂ ಗುಲಾಬಿ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಬೆಳೆದಿವೆ. ಅವು ಎಲ್ಲರ ಹೊಟ್ಟೆಯಲ್ಲೂ ಇರುವ ಸಾಧು ಜೀವಿಗಳು. ಟೈಫಾಯ್ಡ್ ಇದ್ದರೆ ಅವುಗಳ ನಡುವೆ ಬಿಳಿಚಿದ ಚುಕ್ಕೆ ಕಾಣಿಸುತ್ತದೆ. ಅವರಿಬ್ಬರದರಲ್ಲಿ ಅದಿಲ್ಲ.

ನಿಮ್ಮ ತಟ್ಟೆಯಲ್ಲಿ ಏನೂ ಇಲ್ಲ. ತೊಳೆದ ಕನ್ನಡಿಯ ಹಾಗೆ ಬರಿದು. ನಾನು ಖುಷಿಯಿಂದ ಅದನ್ನೆತ್ತಿ ಬಾಂಬೊ ಕಲುವರಿಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ನೋಡಿ, "ಖಾಲಿ ತಟ್ಟೆ ನೋಡಿ ಖುಷಿ ಪಡ್ತಿದೀಯಾ ತಮಂಡ? ಮನುಷ್ಯರ ಹೊಟ್ಟೆ ಅಂದ್ರೆ ಸಂತೆ ಕಣಮ್ಮ. ಸಂತೇಲಿ ಒಂದು ನರಪಿಳ್ಳೇನೂ ಇಲ್ಲ ಅಂದ್ರೆ ಕಳ್ಳರಿಲ್ಲ ಅಂತ ಅಲ್ಲ, ಏನೋ ಆಗಿದೆ ಅಂತ" ಎಂದರು. ನನಗೆ ನಾಚಿಕೆಯಾಯಿತು. ಬೇರೆ ಯಾರದ್ದೋ ತಟ್ಟೆಯಾಗಿದ್ದರೆ ನನಗೂ ಅದೇ ಹೊಳೆಯುತ್ತಿತ್ತು.

ಅಮ್ಮ, ನೀವು ಆ ಡಬ್ಬಿಗೆ ಏನು ಮಾಡಿದಿರಿ?

ತಮಂಡ


ನಚಂಬ
ಮಾರ್ಚ್ 18

ಮಗಳೇ,

ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ.

ಅಲ್ಲಿ ಕೂತು ಇಲ್ಲಿಯದನ್ನು ಕಂಡುಹಿಡಿಯುತ್ತೀಯಲ್ಲೇ! ನಿನ್ನಪ್ಪ ಬದುಕಿದ್ದರೆ ಎಷ್ಟು ಹಿಗ್ಗುತ್ತಿದ್ದರೋ. ಮೂವತ್ತು ವರ್ಷ ಜೊತೆಗಿದ್ದೂ ನಾನು ಸಕ್ಕರೆ ಎಲ್ಲಿಡುತ್ತೇನೆಂದು ಕಂಡುಹಿಡಿಯಲು ಅವರಿಂದ ಆಗಲಿಲ್ಲ.

ನಾನು ಮೋಸ ಮಾಡಿಲ್ಲ. ಕುದಿಯುವ ನೀರು ಹುಯ್ಯದೆ ಒಂದು ಪಾತ್ರೆಯನ್ನೂ ಮನೆಯಿಂದ ಆಚೆ ಕಳಿಸಿದವಳಲ್ಲ ನಾನು. ಆ ಡಬ್ಬಿ ತುಂಬಿ ಮುಚ್ಚಿದ ಮೇಲೆ ಮನಸ್ಸು ಕೇಳಲಿಲ್ಲ. ಇದನ್ನು ನನ್ನ ಮಗಳು ಮುಟ್ಟುತ್ತಾಳೆ, ಇದರಲ್ಲಿ ಏನಾದರೂ ಇದ್ದು ಅವಳಿಗೆ ಹತ್ತಿದರೆ? ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹುಯ್ದೆ. ಸ್ವಲ್ಪ ಬಿಟ್ಟು ನೀರು ಬಸಿದು ಮತ್ತೆ ಮುಚ್ಚಿದೆ. ಫಲೆಸಿಗೂ ಎಸ್ನಾಟಿಗೂ ಹೇಳಲಿಲ್ಲ, ಅವರದ್ದು ಅವರ ಪಾಡು.

ನಿನ್ನದನ್ನು ನಾನು ತೊಳೆದೆ, ಒಗೆದೆ, ಒಂದು ದಿನವೂ ಮೂಗು ಮುಚ್ಚಲಿಲ್ಲ. ನನ್ನದನ್ನು ನೀನು ಮುಟ್ಟುವ ಕಾಲ ಇಷ್ಟು ಬೇಗ ಬಂತೇ ಎಂದು ಸಂಕಟವಾಯಿತು. ನಾನು ಮುದುಕಿಯಾಗಿ ಹಾಸಿಗೆ ಹಿಡಿದ ಮೇಲೆ ಎಂದುಕೊಂಡಿದ್ದೆ.

ಇದರ ಜೊತೆ ಇನ್ನೊಂದು ಡಬ್ಬಿ ಇದೆ. ಇದಕ್ಕೆ ನೀರು ಹುಯ್ದಿಲ್ಲ. ಕೈಗೆ ಏನಾದರೂ ಹಾಕಿಕೊಂಡು ಮುಟ್ಟು.

ಅಮ್ಮ


ಬ್ಲಾಂಟೈರ್
ಮಾರ್ಚ್ 25

ಅಮ್ಮ,

ಸಿಕ್ಕಿತು.

ಗುಲಾಬಿ ಚುಕ್ಕೆಗಳ ನಡುವೆ ಬಿಳಿಚಿದವು ಇದ್ದವು. ಒಂದನ್ನು ಎತ್ತಿ ಗಾಜಿನ ಮೇಲೆ ಅದಕ್ಕೆಂದೇ ಇರುವ ದ್ರವದ ಹನಿಯಲ್ಲಿ ಕದಡಿದೆ. ಬೇರೆಯದಾದರೆ ಹನಿ ಮಬ್ಬಾಗಿಯೇ ಉಳಿಯುತ್ತದೆ, ಟೈಫಾಯ್ಡ್ ಆದರೆ ಹಾಲಿನ ಹಾಗೆ ಒಡೆಯುತ್ತದೆ. ಒಡೆಯಿತು. ಅಷ್ಟು ಚೊಕ್ಕವಾಗಿ ಒಡೆದದ್ದನ್ನು ನಾನು ನೋಡಿರಲಿಲ್ಲ. ಹೊಸಬರಿಗೆ ಕಲಿಸಲು ಎತ್ತಿಡಬೇಕಾದಂಥದ್ದು. ನಾನು ಗಾಜನ್ನು ಹಾಗೇ ಹಿಡಿದುಕೊಂಡು ನಿಂತೆ. ನಂಬಲಾರದೆ ಬಾಂಬೊ ಕಲುವರ ಕೈಯಲ್ಲಿ ಮೊದಲಿನಿಂದ ಇನ್ನೊಮ್ಮೆ ಮಾಡಿಸಿದೆ. ಅವರಿಗೂ ಅದೇ ಬಂತು. ಬಿಲ್ಲೆಗಳ ಪರೀಕ್ಷೆಯೂ ಅಷ್ಟೇ: ಮೂರಕ್ಕೆ ಜಗ್ಗಲಿಲ್ಲ, ನಾಲ್ಕನೆಯದಕ್ಕೆ ಜಗ್ಗಿತು. ತಡಲಳ ರಕ್ತದಲ್ಲಿ ಇದ್ದದ್ದೇ ನಿಮ್ಮ ಹೊಟ್ಟೆಯಲ್ಲೂ ಇದೆ.

ಎರಡು ವರ್ಷದ ಹಿಂದೆ ನಿಮಗೆ ಬಂದ ಜ್ವರ ಇದೇ ಇರಬೇಕು. ನೀವು ಎದ್ದಿರಿ, ಅದು ಒಳಗೇ ಉಳಿಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನೀವು ಊರಿನಲ್ಲೇ ಎಲ್ಲರಿಗಿಂತ ಚೊಕ್ಕ ಹೆಂಗಸು.

ಸಿಪ್ರೊ ಗುಳಿಗೆಯನ್ನು ಒಂದು ತಿಂಗಳು ತಪ್ಪದೆ ನುಂಗಬೇಕು. ಆಮೇಲೆ ಮತ್ತೆ ಪರೀಕ್ಷೆ. ಅದರಲ್ಲಿ ಏನೂ ಕಾಣದಿದ್ದರೆ ಇನ್ನೆರಡು ಸಲ. ಅಲ್ಲಿಯವರೆಗೆ ತೊಬ್ವ ಮಾಡಬೇಡಿ. ಸಾವಿನ ಮನೆಗಳಲ್ಲಿ, ಮದುವೆಗಳಲ್ಲಿ ಅಡುಗೆಗೆ ಕೈ ಹಾಕಬೇಡಿ. ನ್ಸಿಮ ಬಿಸಿಯಾಗಿರುತ್ತದಲ್ಲ ಎಂದು ವಾದಿಸುತ್ತೀರಿ, ನನಗೆ ಗೊತ್ತು. ಬಡಿಸುವುದು ಇದೇ ಕೈ ಅಲ್ಲವೇ ಅಮ್ಮ.

ಇದನ್ನು ಬರೆಯಲು ನಾನು ಎಷ್ಟು ಹಾಳೆ ಹರಿದೆನೋ.

ತಮಂಡ


ನಚಂಬ
ಏಪ್ರಿಲ್ 3

ತಮಂಡ,

ಈ ಸಲ ಕ್ಷೇಮ ಕೇಳುವುದಿಲ್ಲ.

ನೀನು ಪಟ್ಟಣದಲ್ಲಿ ತಟ್ಟೆ ನೋಡಿ ನೋಡಿ ಊರನ್ನು ಮರೆತಿದ್ದೀಯೆ. ಸಾವಾದ ಮನೆಗೆ ಹೆಂಗಸರು ಹಿಟ್ಟು, ಸೌದೆ ಹೊತ್ತು ಹೋಗುವುದು ಹೊಟ್ಟೆ ತುಂಬಿಸಲಿಕ್ಕೆ ಮಾತ್ರ ಎಂದುಕೊಂಡೆಯಾ? ಸಾವಿನ ಮನೆಯಲ್ಲಿ ಕೈ ಕಟ್ಟಿ ನಿಂತವಳ ಸಾವಿಗೆ ನಾಯಿಯೂ ಬರುವುದಿಲ್ಲ. ನಿನ್ನಪ್ಪ ಸತ್ತಾಗ ನಮ್ಮ ಅಂಗಳದಲ್ಲಿ ಎಷ್ಟು ಒಲೆ ಹೊತ್ತಿದ್ದವು, ನೆನಪಿದೆಯೇ? ಅವು ನಾನು ಬೇರೆಯವರ ಅಂಗಳದಲ್ಲಿ ಹೊತ್ತಿಸಿದ ಒಲೆಗಳು.

ಯಾಕೆ ಬರಲ್ಲ ಎಂದು ಕೇಳುತ್ತಾರೆ. ಏನು ಹೇಳಲಿ? ನಾನು ಗುಂಡುಕಲ್ಲಿನ ಹಾಗಿದ್ದೇನೆ, ನನ್ನ ಕೈಯಿಂದ ತಿಂದವರು ಮಲಗುತ್ತಾರೆ ಎನ್ನಲೇ? ಇದು ನೀನೇ ಬರೆದ ಮಾತು. ಇಂಥವಳಿಗೆ ನಮ್ಮಲ್ಲಿ ಒಂದೇ ಹೆಸರು, ಮಾಟಗಾತಿ. ಗುಡ್ಡದಾಚೆಯ ಊರಿನಲ್ಲಿ ಆ ಮುದುಕಿಯ ಹುಲ್ಲುಮನೆಗೆ ಬೆಂಕಿ ಇಟ್ಟರಲ್ಲ, ಅವಳು ಮಾಡಿದ ತಪ್ಪೇನು? ಅಕ್ಕಪಕ್ಕದವರು ಸತ್ತರೂ ಅವಳಿಗೊಂದು ಕೆಮ್ಮು ಬರಲಿಲ್ಲ, ಅಷ್ಟೇ.

ತಡಲಳ ಮುಖ ನೋಡಲು ನನಗೆ ಆಗುತ್ತಿಲ್ಲ. ಅವಳು ಬಂದು ತೊಡೆಯ ಮೇಲೆ ಕೂರುತ್ತಾಳೆ, ನಾನು ನೆಪ ಹೇಳಿ ಇಳಿಸುತ್ತೇನೆ. ಫಲೆಸಿ ನನ್ನನ್ನು ಒಂಥರಾ ನೋಡುತ್ತಾಳೆ. ಇದಕ್ಕಿಂತ ಆ ಜ್ವರದಲ್ಲಿ ನಾನೇ ಹೋಗಿದ್ದರೆ ಚೆನ್ನಿತ್ತು.

ನಾನು ಕರೆಯುವವರೆಗೂ ಊರಿಗೆ ಬರಬೇಡ.

ಎನೆಲೆಸಿ


ಬ್ಲಾಂಟೈರ್
ಏಪ್ರಿಲ್ 10

ಪ್ರೀತಿಯ ಅಮ್ಮ,

ಬರಬೇಡ ಎಂದಿರಿ, ಬರುವುದಿಲ್ಲ. ಗುಳಿಗೆಗಳನ್ನು ಕಳಿಸುತ್ತಿದ್ದೇನೆ.

ಯಾರಿಗೂ ಏನೂ ಹೇಳಬೇಡಿ. ಸೊಂಟ ಹಿಡಿದುಕೊಂಡಿದೆ, ಬಗ್ಗಲು ಆಗುತ್ತಿಲ್ಲ ಎಂದುಬಿಡಿ. ನಿಮ್ಮ ವಯಸ್ಸಿಗೆ ಎಲ್ಲರೂ ನಂಬುತ್ತಾರೆ. ಸುಳ್ಳು ಹೇಳಿದ್ದಕ್ಕೆ ನನ್ನ ಬೆನ್ನಿಗೆ ಬಾರಿಸಿದವರು ನೀವು, ಈಗ ನಾನೇ ನಿಮಗೆ ಸುಳ್ಳು ಕಲಿಸುತ್ತಿದ್ದೇನೆ. ಇರಲಿ.

ಗುಳಿಗೆ ಮಾತ್ರ ಅರ್ಧಕ್ಕೆ ಬಿಡಬೇಡಿ ಎಂದು ನಿಮ್ಮ ಕಾಲು ಹಿಡಿಯುತ್ತೇನೆ. ಈ ರೋಗಾಣುವಿನ ಎದುರು ನಮಗೆ ಉಳಿದಿರುವ ಕತ್ತಿ ಇದೊಂದೇ. ಅರೆಬರೆ ಪೆಟ್ಟು ತಿಂದು ಬದುಕಿಕೊಂಡರೆ ಅದು ಇದಕ್ಕೂ ಪಳಗುತ್ತದೆ. ಆಮೇಲೆ ಇನ್ನೊಂದು ತಡಲ ಬಂದರೆ ಬಾಂಬೊ ಕಲುವ ಮೆಟ್ಟಿಲು ಹತ್ತಿ ಹೋಗಿ ಹೇಳಲು ಏನೂ ಇರುವುದಿಲ್ಲ.

ನೀವು ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ನಿಮ್ಮ
ತಮಂಡ


ನಚಂಬ
ಜೂನ್ 13

ಮಗಳು ತಮಂಡಳಿಗೆ,

ನಾನು ಫಲೆಸಿ ಅತ್ತೆ. ನೀನು ಚೆನ್ನಾಗಿದ್ದರೆ ನಾವೂ ಚೆನ್ನಾಗಿದ್ದೇವೆ.

ನಿನ್ನ ಅಮ್ಮ ನಿನ್ನ ಕಾಗದಗಳನ್ನೆಲ್ಲ ಓದಿ ದಿಂಬಿನ ಕೆಳಗಿಡುತ್ತಾಳೆ, ಉತ್ತರ ಬರೆಯುವುದಿಲ್ಲ. ಎರಡು ಸಲ ಹಾಳೆ ತೆಗೆದುಕೊಂಡು ಕೂತದ್ದನ್ನು ನಾನೇ ನೋಡಿದೆ. ಏನು ಬರೆಯಲಿ ಎಂದು ಎದ್ದುಬಿಟ್ಟಳು. ಅದಕ್ಕೆ ನಾನು ಬರೆಯುತ್ತೇನೆ.

ಏಪ್ರಿಲ್ ಕೊನೆಯಲ್ಲಿ ಚರ್ಚಿನ ಹಿರಿಯ ಮಲುಂಗ ಅಜ್ಜ ತೀರಿಕೊಂಡರು. ನಾವೆಲ್ಲ ಅಂಗಳದಲ್ಲಿ ಒಲೆ ಹೂಡಿದ್ದೆವು. ನಿನ್ನ ಅಮ್ಮ ಹಿಟ್ಟಿನ ಬುಟ್ಟಿ ಹೊತ್ತು ಬಂದು, ಇಳಿಸಿ, ಮಾವಿನ ಮರದ ಕೆಳಗೆ ದೂರ ನಿಂತಳು. ಗೋರಿ ತೋಡುವವರು ಬರುವ ಹೊತ್ತಾಗಿತ್ತು, ಅವರಿಗೆ ಮೊದಲು ಉಣ್ಣಿಸಬೇಕು, ಎಲ್ಲರ ಕೈಯೂ ಕೆಲಸದಲ್ಲಿ. ಹೆಂಗಸರು ಸುಮ್ಮನಿರುತ್ತಾರೆಯೇ? "ಏನು ಎನೆಲೆಸಿ, ಮಗಳು ಪಟ್ಟಣದಲ್ಲಿ ಅಧಿಕಾರಿ ಆದ್ಮೇಲೆ ನಿಂಗೆ ಹೊಗೆ ಆಗ್ಬರಲ್ವಾ?" ಎಂದಳೊಬ್ಬಳು. "ರಾಣಿಗೆ ಒಂದು ಕುರ್ಚಿ ತಂದ್ಹಾಕ್ರೇ" ಎಂದಳು ಇನ್ನೊಬ್ಬಳು. ನಾನೂ ನಕ್ಕೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕೊನೆಗೆ ನಾನೇ ಎದ್ದು ನ್ಸಿಮ ತಿರುವುವ ಕೋಲನ್ನು ಅವಳ ಮುಂದೆ ಹಿಡಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಸೊಂಟನೋವು ಎನ್ನಬಹುದಿತ್ತು. ನೀನೇ ಹಾಗೆ ಹೇಳಿಕೊಟ್ಟಿದ್ದೆಯೆಂದು ಆಮೇಲೆ ಗೊತ್ತಾಯಿತು. ಅವಳು ಹೇಳಿದ್ದು ಇದು: "ನನ್ನ ಹೊಟ್ಟೇಲಿ ಆ ಜ್ವರದ ಹುಳ ಇದೆ. ನಂಗೇನೂ ಮಾಡಲ್ಲ, ನಿಮಗೆ ಮಾಡುತ್ತೆ. ಮದುವೇಲಿ ತೊಬ್ವ ಕಲಸಿದ್ದು ಈ ಕೈಯೇ. ಫಲೆಸಿ, ತಡಲ ಮಲಗಿದ್ದು ಇದರಿಂದಾನೇ. ನನ್ನ ಮಗಳು ನೋಡಿ ಹೇಳಿದಾಳೆ. ನಂಗೆ ಸಿಟ್ಟು ಬಂದಿತ್ತು, ಆದ್ರೆ ಅವಳು ಇಲ್ಲದ್ದನ್ನ ಹೇಳೋಳಲ್ಲ."

ಹೆಂಗಸರು ತಂತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಯಾರೋ ಮುದುಕಿ ಆ ಮಾತನ್ನು ಅಂದಳು. ಯಾವ ಮಾತು ಎಂದು ನಿನಗೆ ಗೊತ್ತು, ನಾನು ಬರೆಯುವುದಿಲ್ಲ. ನಿನ್ನ ಅಮ್ಮ ತಲೆ ಎತ್ತಿಕೊಂಡೇ ಅಂಗಳ ದಾಟಿ ಹೋದಳು. ನಾನು ತಡೆಯಲಿಲ್ಲ. ತಡಲಳ ಆ ಕಾದ ಮೈ ನನ್ನ ತೋಳಿನಲ್ಲಿ ಇನ್ನೂ ಇತ್ತು. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು ಮಗಳೇ, ಸುಳ್ಳು ಯಾಕೆ ಹೇಳಲಿ.

ಒಂದೆರಡು ದಿನ ಅವಳ ಮನೆಯ ಕಡೆ ಮುಖ ಹಾಕಲಿಲ್ಲ. ಆದರೆ ಒಂದು ಮಾತು ಗಂಟಲ ಮುಳ್ಳಿನ ಹಾಗೆ ಕಾಡುತ್ತಿತ್ತು. ಅವಳು ಬಾಯಿ ಬಿಡದಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಮಾಟ ಮಾಡುವವಳು ಯಾವಳಾದರೂ ಹಗಲು ಹೊತ್ತಿನಲ್ಲಿ, ತುಂಬಿದ ಅಂಗಳದಲ್ಲಿ ನಿಂತು ನಾನೇ ಎನ್ನುತ್ತಾಳೆಯೇ? ನನ್ನ ಹೊಟ್ಟೆಯಲ್ಲಿ ಇದ್ದಿದ್ದರೆ ನಾನು ಹೇಳುತ್ತಿದ್ದೆನೇ? ಹೇಳುತ್ತಿರಲಿಲ್ಲ. ಸೊಂಟ ಹಿಡಿದುಕೊಂಡು ಮಲಗುತ್ತಿದ್ದೆ.

ಹೋದೆ. ಅವಳು ಒಳಗೆ ಗುಳಿಗೆ ನುಂಗಿ ಹೊಟ್ಟೆ ತೊಳಸಿ ಒದ್ದಾಡುತ್ತಿದ್ದಳು. "ಬೈಯೋಕೆ ಬಂದ್ಯಾ?" ಎಂದಳು. "ಹೌದು, ಬರಿ ಹೊಟ್ಟೇಲಿ ನುಂಗ್ತಾರೇನೇ ಮಂಕೆ?" ಎಂದು ಬೈದೆ. ಅವತ್ತಿನಿಂದ ಗುಳಿಗೆ ಮುಗಿಯುವವರೆಗೂ ಎದುರಿಗೆ ಕೂತು ನುಂಗಿಸಿದ್ದು ನಾನು. ಆಮೇಲೆ ಒಬ್ಬೊಬ್ಬರೇ ಹೆಂಗಸರು ಉಪ್ಪು ಕೇಳುವ ನೆಪದಲ್ಲಿ, ಕೆಂಡ ಕೇಳುವ ನೆಪದಲ್ಲಿ ಬರತೊಡಗಿದರು. ಕೆಲವರು ಈಗಲೂ ಬರುವುದಿಲ್ಲ. ಅವರ ಮನೆ ಹಾಳಾಗ.

ಈಗ ಪರೀಕ್ಷೆಗೆ ಡಬ್ಬಿ ಕಳಿಸುವ ಕಾಲ ಬಂತು. ನಿನ್ನ ಅಮ್ಮ ಮೊಂಡು ಹಿಡಿದಳು. "ಈಗ ಎಲ್ಲರಿಗೂ ಗೊತ್ತು ಫಲೆಸಿ. ಡಬ್ಬಿ ಹಿಡ್ಕೊಂಡು ಅಂಗಡಿ ಸಾಲು ದಾಟಿ ಬಸ್ಸಿನ ತನಕ ಹೋಗೋ ಅಷ್ಟರಲ್ಲಿ ನಾನು ಸತ್ತೇ ಹೋಗ್ತೀನಿ. ಎಲ್ಲ ಅದನ್ನೇ ನೋಡ್ತಾರೆ." ನಾನೆಂದೆ, "ನೋಡೋದಾದ್ರೆ ಎಲ್ಲರದ್ದನ್ನೂ ನೋಡ್ಲಿ." ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವ ಹೆಂಗಸರನ್ನೆಲ್ಲ ಸೇರಿಸಿ ಹೇಳಿದೆ. ಮೊದಲು ಕಿಸಿಕಿಸಿ ನಕ್ಕರು, ಆಮೇಲೆ ಒಪ್ಪಿದರು. ಡಬ್ಬಿಗಳನ್ನು ಊರ ದವಾಖಾನೆಯ ನರ್ಸ್ ಕೊಟ್ಟಳು. ನಾವು ಅವುಗಳ ಮೇಲೆ ಯಾರ ಹೆಸರನ್ನೂ ಬರೆದಿಲ್ಲ, ಬೇಕೆಂದೇ ಬರೆದಿಲ್ಲ. ಯಾರದ್ದು ಯಾವುದು ಎಂದು ಕೇಳಬೇಡ. ಒಂದರಲ್ಲಿ ಕೆಟ್ಟದ್ದು ಕಂಡರೆ ನಾವೆಲ್ಲರೂ ಬಂದು ಗುಳಿಗೆ ತೆಗೆದುಕೊಳ್ಳುತ್ತೇವೆ.

ಲಕ್ಸನ್ ಬುಟ್ಟಿಗೆ ಒಂದು ಸೀಟು ಖಾಲಿ ಬಿಟ್ಟಿದ್ದಾನೆ. ಪಕ್ಕದಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಬುಟ್ಟಿ ಬಿಚ್ಚುವಾಗ ಕಿಟಕಿ ತೆಗೆದಿರಲಿ.

ನಿನ್ನ ಅತ್ತೆ,
ಫಲೆಸಿ


ಬ್ಲಾಂಟೈರ್
ಜೂನ್ 15

ಪ್ರೀತಿಯ ಅಮ್ಮ,

ನೀವು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ. ಇದನ್ನು ಫಲೆಸಿ ಅತ್ತೆಗೂ ಎಲ್ಲ ಹೆಂಗಸರಿಗೂ ಓದಿ ಹೇಳಿ.

ಮೊನ್ನೆ ಬುಟ್ಟಿ ಬಂತು. ಪ್ರತಿಯೊಂದು ಡಬ್ಬಿಗೂ ಚಿತೆಂಜೆಯ ತುಂಡು ಸುತ್ತಿತ್ತು, ಹಳದಿ, ಹಸಿರು, ಕೆಂಪು. ಮೇಜಿನ ಮೇಲೆ ಒಂದೊಂದಾಗಿ ಜೋಡಿಸುತ್ತ ಹೋದೆ, ಮೇಜು ತುಂಬಿತು. ಅಷ್ಟು ಹೊತ್ತಿಗೆ ನನಗೆ ಅಳು ತಡೆಯಲಾಗಲಿಲ್ಲ. ಬಾಂಬೊ ಕಲುವ ಗಾಬರಿಯಾಗಿ ಬಂದರು.

ಅವರ ವಿಷಯ ನಿಮಗೆ ಹೇಳಬೇಕು. ಹೆಸರಿಲ್ಲದ ಡಬ್ಬಿ ಬಂದರೆ ಅವರು ಮುಟ್ಟುವುದಿಲ್ಲ. ಎಂಥ ದೊಡ್ಡ ಡಾಕ್ಟರು ಕಳಿಸಿದ್ದಾದರೂ ಸೀದಾ ತೊಟ್ಟಿಗೆ. ಹೆಸರು ಬರೆಯಲು ಮರೆತ ಹುಡುಗಿಯರು ಅವರ ಎದುರು ನಿಂತು ಅತ್ತದ್ದನ್ನು ನೋಡಿದ್ದೇನೆ. ಒಬ್ಬರ ರೋಗ ಇನ್ನೊಬ್ಬರ ತಲೆಗೆ ಬರಬಾರದು ಎಂಬುದು ಅವರ ವ್ರತ.

"ಯಾರದ್ದು ಯಾವುದು?" ಎಂದರು.

"ಗೊತ್ತಿಲ್ಲ."

"ನಿಮ್ಮಮ್ಮಂದು?"

"ಅದೂ ಇದರಲ್ಲೇ ಇದೆ."

ಫಲೆಸಿ ಅತ್ತೆಯ ಕಾಗದವನ್ನು ಅವರ ಕೈಗೆ ಕೊಟ್ಟೆ. ನಿಂತೇ ಓದಿದರು. ಓದಿದ್ದನ್ನೇ ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಇಷ್ಟು ವರ್ಷದಲ್ಲಿ ಇಂಥ ಕಾಗದ ಬಂದಿಲ್ಲ ನಂಗೆ. ಎಲ್ಲದರ ಮೇಲೂ ನಚಂಬ ಅಂತ ಬರಿ, ಪಕ್ಕದಲ್ಲಿ ಒಂದೊಂದು ಸಂಖ್ಯೆ ಹಾಕು. ಅಷ್ಟು ಸಾಕು" ಎಂದು ತಾವೇ ಕೈಗವಸು ಹಾಕಿಕೊಂಡು ನನ್ನ ಪಕ್ಕ ಕೂತರು. ಇಬ್ಬರೂ ಸೇರಿ ಸವರಿದೆವು. ಅವರ ಕೈ ಓಡುವುದನ್ನು ನೋಡುವುದೇ ಒಂದು ಸೊಗಸು. ತಂತಿಯ ಕುಣಿಕೆಯನ್ನು ಉರಿಯಲ್ಲಿ ಕಾಯಿಸಿ, ಆರಿಸಿ, ತಟ್ಟೆಯ ಮೇಲೆ ಹಗುರಾಗಿ ಗೀರುತ್ತಾರೆ, ಒಂದು ಗೀರೂ ದಾರಿ ತಪ್ಪುವುದಿಲ್ಲ.

ಎಲ್ಲರಿಗೂ ಹೇಳಿ, ಇನ್ನೂ ಎರಡು ಸಲ ಹೀಗೇ ಬುಟ್ಟಿ ಬರಬೇಕು. ಒಮ್ಮೆ ಕಾಣದಿದ್ದದ್ದು ಇನ್ನೊಮ್ಮೆ ಕಾಣಬಹುದು, ಅವು ಅವಿತುಕೊಳ್ಳುವುದರಲ್ಲಿ ಗಟ್ಟಿಗರು. ಎರಡೂ ಸಲ ಬುಟ್ಟಿ ಕಟ್ಟಲು ನಾನೇ ಬರುತ್ತೇನೆ. ಬರಬೇಡ ಎಂದರೂ ಬರುತ್ತೇನೆ.

ನೀವು ಆ ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತದ್ದನ್ನು ನಾನು ನೋಡಲಿಲ್ಲ. ನೋಡಬೇಕಿತ್ತು. ನಿಮಗೆ ಸುಳ್ಳು ಹೇಳಿಕೊಟ್ಟವಳು ನಾನು, ಅದನ್ನು ಅಲ್ಲೇ ಬಿಟ್ಟು ನಿಜ ಹೇಳಿದವರು ನೀವು. ರೋಗಾಣು ಇದೆಯೆಂದು ನಾನು ಗಾಜಿನ ಮೇಲೆ ಕಂಡೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ನೀವು ಅದನ್ನು ಊರಿನ ಎದುರು ಹೇಳಿದಿರಿ. ಎರಡರಲ್ಲಿ ಯಾವುದು ದೊಡ್ಡ ಕೆಲಸ ಎಂದು ಬಾಂಬೊ ಕಲುವರನ್ನು ಕೇಳುವ ಅಗತ್ಯವಿಲ್ಲ.

ಇವತ್ತು ಬೆಳಿಗ್ಗೆ ತಟ್ಟೆಗಳನ್ನೆಲ್ಲ ಹೊರತೆಗೆದು ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟೆ. ಎಲ್ಲದರಲ್ಲೂ ಗುಲಾಬಿ ಚುಕ್ಕೆಗಳು. ಬಿಳಿಚಿದ್ದು ಒಂದೂ ಇಲ್ಲ. ಬಾಂಬೊ ಕಲುವ ಪ್ರತಿಯೊಂದನ್ನೂ ತಿರುಗಿಸಿ ನೋಡಿ ತಲೆಯಾಡಿಸಿದರು. ಅವರು ಚಹಾ ಕುಡಿಯಲು ಹೋದ ಮೇಲೆ, ಇದರಲ್ಲಿ ನನ್ನ ಅಮ್ಮನದ್ದು ಯಾವುದಿರಬಹುದೆಂದು ಒಂದೊಂದನ್ನೇ ಕೈಗೆತ್ತಿಕೊಂಡು ಹುಡುಕಿದೆ. ಇಷ್ಟು ವರ್ಷ ಪಳಗಿದ ಕಣ್ಣು, ಗುರುತು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲಮ್ಮ. ಊರಿನ ಹೆಂಗಸರ ನಡುವೆ ನೀವು ಯಾರೆಂದು ಹೇಳಲು ನನ್ನಿಂದ ಆಗಲಿಲ್ಲ.

ನಿಮ್ಮ ಮಗಳು,
ತಮಂಡ